ಬೇವು ಕುಡಿಯುವ ಮುಂಚೆ ಬಾಕಿ ಚುಕ್ತಾ

ಬೆಂಗಳೂರು, ಮೈಸೂರು ಕಡೆ ಯುಗಾದಿಗೆ ಬೇವು-ಬೆಲ್ಲ ತಿನ್ನುತ್ತಾರೆ. ಯಾದಗಿರಿ, ಶಹಾಪುರ, ಸುರಪುರದಲ್ಲಿ ಬೇವು ಕುಡಿಯುತ್ತಾರೆ. ಹೊಸ ಗಡಿಗೆಯ ತಣ್ಣೀರಿಗೆ ಹುಣಸೆ ರಸ, ಬೆಲ್ಲ ಕದಡಿ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಗಸಗಸೆ, ಉತ್ತತ್ತಿ, ದ್ರಾಕ್ಷಿ ಹಾಕಿ, ಕೊನೆಗೆ ಬೇವಿನ ಹೂ ಉದುರಿಸುತ್ತಾರೆ. ಕಹಿ ಹೆಸರಿಗಷ್ಟೇ. ಬಿಸಿಲಿಗೆ ಬಳಲಿದವರು ಇನ್ನೊಂದು ಲೋಟ ಕೇಳಿ ಕುಡಿಯುತ್ತಾರೆ.

ಈ ಸೀಮೆಯ ವಸಂತವೆಂದರೆ ಲೆಕ್ಕದ ಕಾಲ. ಹೊಲದ ಲೀಜು, ವರ್ಷದ ಆಳಿನ ಕರಾರು ಯುಗಾದಿಗೆ ಮುಗಿದು ಯುಗಾದಿಗೇ ಶುರುವಾಗುತ್ತವೆ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರೂ ಹಬ್ಬಕ್ಕೆಂದು ಊರಿನ ಬಸ್ಸು ಹತ್ತುತ್ತಾರೆ.

ಯುಗಾದಿಗೆ ಹದಿನೈದು ದಿನ ಮೊದಲೇ ಹೋಳಿ ಹುಣ್ಣಿಮೆ. ಹುಡುಗರು ಕುಳ್ಳು, ಕಟ್ಟಿಗೆ ಕದ್ದು ತಂದು ಕಾಮಣ್ಣನನ್ನು ಸುಟ್ಟು, ಹಲಗಿ ಬಡಿದು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ಲೇಂಗಿ ಹಾಡು, ಕುಣಿತ. ಹಿಂದಿನ ಹೋಳಿಯಿಂದೀಚೆ ಹುಟ್ಟಿದ ಗಂಡುಮಗುವಿಗೆ ಅಂದೇ ಧೂಂಡ್ ಶಾಸ್ತ್ರ.

ಕಾಮಣ್ಣನ ಬೂದಿ ಆರುತ್ತಲೇ ಶ್ರೀಶೈಲದ ಪಾದಯಾತ್ರೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು ಕೃಷ್ಣೆ ದಾಟಿ, ಆತ್ಮಕೂರಿನ ಆಚೆಗಿನ ನಲ್ಲಮಲ ಕಾಡು ಹಾಯ್ದು ಮಲ್ಲಯ್ಯನ ಗುಡಿ ಮುಟ್ಟುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂಬುದು ಇವರ ನಂಬಿಕೆ. ಅದಕ್ಕೇ ತವರಿನಿಂದ ಸೀರೆ, ಕುಪ್ಪಸ, ಬಳೆ ಒಯ್ಯುತ್ತಾರೆ. ದಾರಿಯ ಊರುಗಳಲ್ಲಿ ದಾಸೋಹ, ಮಜ್ಜಿಗೆ. ಬೊಬ್ಬೆ ಎದ್ದ ಪಾದಗಳಿಗೆ ಎಣ್ಣೆ ತಿಕ್ಕುವವರೂ ಸಿಗುತ್ತಾರೆ.

ಹೊರ ಜಗತ್ತಿನಲ್ಲೂ ವಸಂತದ ಹಬ್ಬಗಳಿಗೆ ಒಂದೊಂದು ಲೆಕ್ಕ. ಇರಾನಿನ ನೌರೋಜ್ ಹಗಲು-ರಾತ್ರಿ ಸಮನಾಗುವ ಮಾರ್ಚ್ 20-21ಕ್ಕೆ ಬರುತ್ತದೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಚಾಂದ್ರಮಾನ ಯುಗಾದಿ ಹಿಂದೆ ಸರಿಯದಂತೆ ಅಧಿಕ ಮಾಸ ತಡೆಯುತ್ತದೆ. ಹಿಜರಿಯಲ್ಲಿ ಅಧಿಕ ಮಾಸವಿಲ್ಲ. ಹಾಗಾಗಿ ರಮಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಬರುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ರಮಜಾನ್ ಹಬ್ಬ ಬಂತು. ಒಂದು ದಿನ ಬೇವು, ಮರುದಿನ ಸುರಕುಂಬಾ. ಇಂಥ ಜೋಡಿ ಹಬ್ಬ ಎರಡು-ಮೂರು ವರ್ಷ ಸಾಲಾಗಿ ಬಂದು, ಮತ್ತೆ ಸುಮಾರು ಮೂವತ್ತು ವರ್ಷ ಕಾಯಿಸುತ್ತದೆ.

ನಮ್ಮ ಸೀಮೆಯ ಹೊಲದ ಪಂಚಾಂಗ ಮಾತ್ರ ಈಗ ಎರಡಾಗಿದೆ. ಎರೆಭೂಮಿಯ ಬಿಳಿಜೋಳ, ಕಡಲೆ ಯುಗಾದಿಯೊಳಗೆ ಮನೆ ಸೇರುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ, ಸುರಪುರ-ಶಹಾಪುರದ ಗದ್ದೆಗಳಲ್ಲಿ, ಎರಡನೇ ಬೆಳೆ ಭತ್ತ ಆಗಲೂ ನಿಂತಿರುತ್ತದೆ. ಯುಗಾದಿಯ ಹೋಳಿಗೆ ಊಟ ಮುಗಿಸಿದ ರೈತ, ಕಾಲುವೆಗೆ ನೀರು ಯಾವಾಗ ನಿಲ್ಲಿಸುತ್ತಾರೋ ಎಂದು ವಿಚಾರಿಸುತ್ತ ಗದ್ದೆಗೆ ಹೋಗುತ್ತಾನೆ.

ಕಾಲುವೆ ನೀರು ಹೊಲದ ಧಣಿಯ ಕೈಯಲ್ಲಿಲ್ಲ, ಯುಗಾದಿಗೆ ಕರಾರು ಮುಗಿದ ಆಳಿನ ಸಂಬಳ ಇದೆ. ಬೆಳೆ ಇನ್ನೂ ಬಂದಿಲ್ಲ ಎಂಬ ನೆಪಕ್ಕೆ ಅದನ್ನು ಮುಂದಕ್ಕೆ ಹಾಕುವುದು ಬೇಡ. ಬೇವಿನ ಗಡಿಗೆ ಇಡುವ ಮುಂಚೆಯೇ ದುಡಿದವರ ಬಾಕಿ ಚುಕ್ತಾ ಮಾಡಿರಿ. ಹೊಸ ವರ್ಷ ಎರಡೂ ಮನೆಗಳಿಗೆ ಬರಲಿ.