ಅಕ್ಷರಗಳಿಂದಲೇ ಆಟ: ಹವ್ಯಾಸಿಗಳ ರೋಗ್‌ಲೈಕ್ ಲೋಕ

ಗಣಕಯಂತ್ರದ ಆಟಗಳಲ್ಲಿ 'ರೋಗ್‌ಲೈಕ್' ಎಂಬುದೊಂದು ವಿಶಿಷ್ಟ ಪ್ರಕಾರ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಆರಂಭಿಸಿದ 'ರೋಗ್' ಇದರ ಮೂಲ. ನೆಲಮಾಳಿಗೆಯ ಕೋಣೆಗಳನ್ನು ಪ್ರತಿ ಸಲವೂ ಯಂತ್ರವೇ ಹೊಸದಾಗಿ ಜೋಡಿಸುತ್ತದೆ. ನಾಯಕ ಸತ್ತರೆ ಮತ್ತೆ ಮೊದಲಿನಿಂದಲೇ ಆರಂಭ.

ಇಲ್ಲಿ ಚಿತ್ರಗಳಿಲ್ಲ. ಮಿಂಚಂಚೆಯ 'ಅಟ್' ಚಿಹ್ನೆಯೇ ನಾಯಕ. ಇಂಗ್ಲಿಷಿನ 26 ದೊಡ್ಡಕ್ಷರಗಳೇ 26 ಬಗೆಯ ಶತ್ರುಗಳು. ಚಿತ್ರಕಾರರಾಗಲಿ ಬಂಡವಾಳವಾಗಲಿ ಬೇಡವಾದ್ದರಿಂದ ಇದು ಹವ್ಯಾಸಿಗಳಿಗೆ ಒಲಿಯಿತು. 1987ರಲ್ಲಿ ಹೊರಬಂದ 'ನೆಟ್‌ಹ್ಯಾಕ್' ಅನ್ನು ಸ್ವಯಂಸೇವಕರೇ ಬೆಳೆಸಿದರು. ಏಳೇ ದಿನಗಳಲ್ಲಿ ಆಟವೊಂದನ್ನು ರಚಿಸುವ ವಾರ್ಷಿಕ ಸವಾಲು 2005ರಿಂದ ನಡೆಯುತ್ತಿದೆ.

ಕನ್ನಡದಲ್ಲಿ ಇದು ಸಾಧ್ಯವೆ? ತೊಡಕಿರುವುದು ಲಿಪಿಯಲ್ಲಿ. ಈ ಆಟದಲ್ಲಿ ಚೌಕಕ್ಕೊಂದು ಅಕ್ಷರ, ಎಲ್ಲಕ್ಕೂ ಒಂದೇ ಅಗಲ. ನಮ್ಮ 'ಸ್ತ್ರೀ' ಎಂಬ ಒಂದಕ್ಷರಕ್ಕೆ ಯೂನಿಕೋಡ್‌ನಲ್ಲಿ 6 ಸಂಕೇತಗಳು ಬೇಕು. ಅದು ಚೌಕವನ್ನು ಮೀರುತ್ತದೆ. ಆದರೆ ಗುಣಿತ, ಒತ್ತುಗಳನ್ನು ಬಿಟ್ಟು ಮೂಲಾಕ್ಷರಗಳನ್ನೇ ಆರಿಸಿ, ಪ್ರತಿಯೊಂದನ್ನೂ ಪುಟ್ಟ ಚಿತ್ರವಾಗಿ ಚೌಕದಲ್ಲಿರಿಸಿದರೆ ಈ ತೊಡಕು ನೀಗುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ರೂಪಿಸಿದ ನಾಡು ನಮ್ಮದು. ಕನ್ನಡದ ಹವ್ಯಾಸಿ ತಂತ್ರಜ್ಞರು ಬಿಡುವಿನ ಒಂದು ವಾರವನ್ನು ಇದಕ್ಕೆ ಮೀಸಲಿಟ್ಟರೆ, ನಮ್ಮ ಮಕ್ಕಳು ಕಕಾರದಿಂದ ತಪ್ಪಿಸಿಕೊಂಡು ಳಕಾರವನ್ನು ಗೆಲ್ಲುವ ದಿನ ದೂರವಿಲ್ಲ.