ಶರತ್ಕಾಲದ ಹೂವು ಆಸ್ಟರ್

ಮಹಾನವಮಿಯಿಂದ ದೀಪಾವಳಿಯವರೆಗೆ ಪೇಟೆಯಲ್ಲಿ ಹೂವಿನ ಬೆಲೆ ಏರುವುದು ಎಲ್ಲರೂ ಬಲ್ಲ ಸಂಗತಿ. ಪೂಜೆಯ ಹೂಬುಟ್ಟಿಯನ್ನು ತುಂಬಿಸಲು ತಾಯಂದಿರು ಪಡುವ ಪಾಡನ್ನು ನಾವು ಕಂಡಿದ್ದೇವೆ. ಆ ದಿನಗಳಿಗೆ ಸರಿಯಾಗಿ ಅರಳುವ ಆಸ್ಟರನ್ನು ಹಿತ್ತಿಲಿನಲ್ಲಿಯೇ ಬೆಳೆದುಕೊಳ್ಳಬಹುದು. ಆದರೆ ಒಮ್ಮೆ ಬೆಳೆದು, ಮರುವರ್ಷ ಗಿಡಗಳೆಲ್ಲ ಸೊರಗಿ ಸತ್ತುದನ್ನು ನೋಡಿ, 'ನಮ್ಮ ಕೈಗುಣವೇ ಸರಿಯಿಲ್ಲ' ಎಂದು ಕೈಬಿಟ್ಟ ಮನೆಗಳು ಬಹಳ. ಅವರಿಗಾಗಿಯೇ ಈ ಬರಹ.

ಆಸ್ಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ನಕ್ಷತ್ರ. ನಮ್ಮಲ್ಲಿ ಬೆಳೆಯುವುದು ಚೀನಾ ದೇಶದ ಮೂಲದ್ದು. ಆದುದರಿಂದ ಅದಕ್ಕೆ ಚೈನಾ ಆಸ್ಟರ್ ಎಂಬ ಹೆಸರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಕಾಮಿನಿ, ಪೂರ್ಣಿಮಾ, ಶಶಾಂಕ, ವಯೊಲೆಟ್ ಕುಶನ್ ಮೊದಲಾದ ತಳಿಗಳನ್ನು ನೀಡಿದೆ. ಕಾಮಿನಿಯದು ಗಾಢ ಗುಲಾಬಿ ಬಣ್ಣ, ಪೂರ್ಣಿಮೆಯದು ಬಿಳಿ. ಪರಿಮಳವಿಲ್ಲದ ಹೂವೆಂದು ಕೆಲವು ಹಿರಿಯರು ಮೂಗು ಮುರಿಯುವುದುಂಟು. ಬೇಗನೆ ಬಾಡದ ಅದರ ಗುಣವನ್ನು ನೋಡಿ ನಾವಂತೂ ಆ ಕೊರತೆಯನ್ನು ಮನ್ನಿಸಿದ್ದೇವೆ.

ಬೀಜ ಬಿತ್ತಿದ ಮೇಲೆ ಹೂ ಬಿಡಲು ಸುಮಾರು ನಾಲ್ಕು ತಿಂಗಳು ಬೇಕು. ಮೃಗಶಿರಾ ಮಳೆಯಲ್ಲಿ ಬಿತ್ತಿದರೆ ಅಕ್ಟೋಬರಿನಲ್ಲಿ ಹೂವು. ಇದರ ಹಿಂದೆ ಇನ್ನೊಂದು ಕಾರಣವೂ ಉಂಟು. ಆಸ್ಟರ್ ಎತ್ತರಕ್ಕೆ ಬೆಳೆಯಲು ಹಗಲು ದೀರ್ಘವಾಗಿರಬೇಕು. ಬೆಳೆದ ಮೇಲೆ ಹಗಲು ಕುಗ್ಗುತ್ತ ಬಂದರೆ ಹೂ ಬಿಡಲು ಅನುಕೂಲ. ಹಗಲು ಕುಗ್ಗಿದ ಚಳಿಗಾಲದಲ್ಲಿ ಬಿತ್ತಿದ ಗಿಡ ನೆಲಕ್ಕೆ ಅಂಟಿಕೊಂಡು ಕುಳ್ಳಾಗಿಯೇ ಉಳಿಯುತ್ತದೆ.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿದ ಎತ್ತರದ ಸಸಿಮಡಿಯಲ್ಲಿ ಬೀಜವನ್ನು ತೆಳ್ಳಗೆ ಉದುರಿಸಿ, ಅದು ಮರೆಯಾಗುವಷ್ಟು ಮಾತ್ರ ಮಣ್ಣು ಮುಚ್ಚಬೇಕು. ಹತ್ತು ದಿನಗಳೊಳಗೆ ಮೊಳಕೆ ಕಾಣುವುದು. ಪುಷ್ಯ ಮಳೆಯ ವೇಳೆಗೆ ಸಸಿಗಳನ್ನು ಬಿಸಿಲು ಬೀಳುವ ಪಾತಿಗೆ ಒಂದೊಂದು ಅಡಿ ಅಂತರದಲ್ಲಿ ನೆಡಬೇಕು. ತಿಂಗಳ ಬಳಿಕ ತುದಿಯ ಕುಡಿಯನ್ನು ಚಿವುಟಿದರೆ ಪಕ್ಕದ ರೆಂಬೆಗಳು ಹೆಚ್ಚುತ್ತವೆ. ಬೇರು ಆಳಕ್ಕಿಳಿಯದ ಗಿಡವಿದು. ಕಳೆ ತೆಗೆಯುವಾಗ ಗುದ್ದಲಿಯನ್ನು ಆಳಕ್ಕೆ ಹಾಕಬಾರದು. ಮಣ್ಣು ಒಣಗಬಾರದು, ನೀರೂ ನಿಲ್ಲಬಾರದು.

ಇನ್ನು ಸೊರಗು ರೋಗದ ಮಾತು. ಮೊಗ್ಗಿಗೆ ಬಂದ ಗಿಡ ಹಠಾತ್ತನೆ ಜೋತುಬೀಳುತ್ತದೆ, ನೀರೆರೆದರೂ ಚೇತರಿಸದು. ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಂದು ಬಣ್ಣ. ಇದಕ್ಕೆ ಕಾರಣ ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ಆಸ್ಟರಿಲ್ಲದಿದ್ದರೂ ಅದು ವರ್ಷಗಟ್ಟಲೆ ನೆಲದಲ್ಲಿ ಜೀವ ಹಿಡಿದಿರಬಲ್ಲುದು. ಹೋದ ವರ್ಷ ಹೂ ಕೊಟ್ಟ ಪಾತಿಯೆಂಬ ಮಮತೆಯಿಂದ ಅಲ್ಲಿಯೇ ಮತ್ತೆ ನೆಟ್ಟರೆ ಆ ಶತ್ರುವಿಗೆ ನಾವೇ ಅನ್ನವಿಕ್ಕಿದಂತೆ. ಪ್ರತಿ ವರ್ಷ ಜಾಗವನ್ನು ಬದಲಿಸಬೇಕು. ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕೇ ಹೊರತು ತಿಪ್ಪೆಗೆ ಎಸೆಯಬಾರದು. ಕೈಗುಣವನ್ನು ದೂರುವ ಮುನ್ನ ಕಾಂಡವನ್ನೊಮ್ಮೆ ಸೀಳಿ ನೋಡಿರಿ. ಹಿತ್ತಿಲು ಚಿಕ್ಕದಾಗಿದ್ದರೆ ಹೊಸ ಮಣ್ಣು ತುಂಬಿದ ಕುಂಡಗಳೇ ಮೇಲು. ಬಿಟ್ಟ ಪಾತಿಯೇನೂ ವ್ಯರ್ಥವಲ್ಲ. ಆಸ್ಟರನ್ನು ಕೊಲ್ಲುವ ಈ ಶಿಲೀಂಧ್ರದ ಬಗೆ ಮೆಂತ್ಯ, ಅವರೆಗಳನ್ನು ಬಾಧಿಸದು.

ಸೇವಂತಿಗೆಯ ಬುಡದಲ್ಲಿ ಮರಿಗಳು ಏಳುವಂತೆ ಇದರಲ್ಲಿ ಏಳುವುದಿಲ್ಲ. ಹೂ ಮುಗಿದರೆ ಗಿಡದ ಆಯುಷ್ಯವೂ ಮುಗಿಯಿತು. ಆದುದರಿಂದ ರೋಗ ತಗಲದ ಗಿಡದಲ್ಲಿ ನಾಲ್ಕಾರು ಒಳ್ಳೆಯ ಹೂಗಳನ್ನು ಕೊಯ್ಯದೆ ಒಣಗಲು ಬಿಟ್ಟು, ಬೀಜವನ್ನು ಕಾಗದದಲ್ಲಿ ಕಟ್ಟಿ, ತೇವ ತಾಗದಲ್ಲಿ ಇಡಬೇಕು. ಮುಂದಿನ ಮೃಗಶಿರೆಗೇ ಅದನ್ನು ಬಿತ್ತಿಬಿಡಿರಿ. ಅದರಾಚೆಗೆ ಇಟ್ಟ ಬೀಜದಲ್ಲಿ ಮೊಳೆಯುವ ಶಕ್ತಿ ಬಹುಬೇಗ ಕುಂದುತ್ತದೆ.