ಸಾಮರ್ಥ್ಯಾಂಕವೂ ದಾಳವೂ: ಕಲ್ಪನಾಲೋಕದ ಆಟಗಳಲ್ಲಿ ಮನುಷ್ಯಶಕ್ತಿಯ ಗಣನೆ

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂಬ ಹೆಸರಿದ್ದಿತು. ತಮ್ಮ ತಂದೆ ಚಾಮರಾಜ ಒಡೆಯರು ಅಲ್ಲಿ ಜನಿಸಿದವರೆಂಬ ಕಾರಣದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಊರಿಗೆ ಈಗಿನ ಹೆಸರನ್ನಿತ್ತು, ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದುದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವಾದ ಸಂಗತಿ. ಇದೇ ಅರಸರಿಗೆ ಆಟಗಳಲ್ಲಿದ್ದ ಆಸಕ್ತಿ ಅಷ್ಟೇ ಗಮನಾರ್ಹವಾದುದು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಆಟಗಳ ನಿರೂಪಣೆಯಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳು ಚಿತ್ರಿತವಾಗಿವೆ. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ಇಳಿಸುವ ಸಮಸ್ಯೆಗೆ ಅವರು ರಚಿಸಿದ ಪರಿಹಾರಗಳು ಚದುರಂಗದ ಚರಿತ್ರೆಯಲ್ಲಿ ಸ್ಥಾನ ಪಡೆದಿವೆ.

ಆಟವೆಂಬುದು ಕೇವಲ ಕಾಲಕ್ಷೇಪವಲ್ಲ. ಮನುಷ್ಯನ ಶಕ್ತಿ ಎಷ್ಟು, ಅದೃಷ್ಟ ಎಷ್ಟು ಎಂಬ ಪ್ರಶ್ನೆಗೆ ಪ್ರತಿಯೊಂದು ಆಟವೂ ತನ್ನ ನಿಯಮಗಳ ಮೂಲಕ ಉತ್ತರ ಹೇಳುತ್ತದೆ. ಕಳೆದ ಅರ್ಧ ಶತಮಾನದಲ್ಲಿ ಲೋಕದಾದ್ಯಂತ ಹರಡಿರುವ ಪಾತ್ರಧಾರಣೆಯ ಆಟಗಳು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಹಳೆಯ ಆಟಗಳ ಎರಡು ಮಾದರಿ

ನಮ್ಮ ಪಗಡೆಯಲ್ಲಿ ಕಾಯಿಗಳೆಲ್ಲ ಸಮಾನ. ಒಂದು ಕಾಯಿ ಇನ್ನೊಂದಕ್ಕಿಂತ ಬಲಶಾಲಿಯಲ್ಲ. ಎಷ್ಟು ಮನೆ ನಡೆಯಬೇಕೆಂಬುದನ್ನು ದಾಳವೇ ನಿರ್ಣಯಿಸುತ್ತದೆ. ಚದುರಂಗದಲ್ಲಿ ಇದಕ್ಕೆ ವಿಪರೀತ: ಆನೆ, ಕುದುರೆ, ಮಂತ್ರಿ, ಪದಾತಿಗಳ ಸಾಮರ್ಥ್ಯ ಬೇರೆ ಬೇರೆ, ಆದರೆ ಅದೃಷ್ಟಕ್ಕೆ ಅಲ್ಲಿ ಅವಕಾಶವಿಲ್ಲ. ಸುಮಾರು ೧೦೩೦ರಲ್ಲಿ ಭಾರತವನ್ನು ಕುರಿತು ಬರೆದ ಅಲ್‌ಬೆರೂನಿಯು ನಾಲ್ವರು ಆಡುವ, ದಾಳಗಳುಳ್ಳ ಚದುರಂಗವೊಂದನ್ನು ವರ್ಣಿಸಿದ್ದಾನೆ. ಅದರಲ್ಲಿಯೂ ದಾಳವು ಯಾವ ಕಾಯಿ ನಡೆಯಬೇಕೆಂಬುದನ್ನು ಮಾತ್ರ ಹೇಳುತ್ತದೆ. ಕಾಯಿಯ ಬಲ ದಾಳದ ಬಲದೊಡನೆ ಬೆರೆಯುವುದಿಲ್ಲ. ಇವೆರಡನ್ನೂ ಒಂದೇ ಸಂಕಲನದಲ್ಲಿ ಕೂಡಿಸಿದುದೇ ಪಾತ್ರಧಾರಣೆಯ ಆಟಗಳ ವೈಶಿಷ್ಟ್ಯ.

೨. ಸಾಮರ್ಥ್ಯಾಂಕ

ಈ ಆಟಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಪರಿಗಣಿತವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಮೆರಿಕದಲ್ಲಿ ೧೯೭೪ರಲ್ಲಿ ಪ್ರಕಟವಾಯಿತು. ಅದರ ಕರ್ತೃಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಆಟಗಾರರು ಒಬ್ಬೊಬ್ಬರೂ ಒಂದೊಂದು ಕಲ್ಪಿತ ಪಾತ್ರವನ್ನು ವಹಿಸುತ್ತಾರೆ. ಮೂಡಲಪಾಯದ ಭಾಗವತನಂತೆ ಒಬ್ಬ ನಿರ್ವಾಹಕನು ಕಥೆಯನ್ನು ನಡೆಸುತ್ತಾನೆ. ಪ್ರತಿ ಪಾತ್ರಕ್ಕೂ ದೇಹಬಲ, ಚುರುಕು, ದಾರ್ಢ್ಯ, ಬುದ್ಧಿ, ವಿವೇಕ, ಜನಾಕರ್ಷಣೆ ಎಂಬ ಆರು ಗುಣಗಳಿದ್ದು, ಒಂದೊಂದಕ್ಕೂ ಒಂದು ಸಂಖ್ಯೆಯಿರುತ್ತದೆ. ಇದೇ ಸಾಮರ್ಥ್ಯಾಂಕ.

ಮೂಲ ಪದ್ಧತಿಯಲ್ಲಿ ಮೂರು ಆರುಮುಖದ ದಾಳಗಳನ್ನು ಉರುಳಿಸಿ ಮೊತ್ತವನ್ನು ಬರೆದುಕೊಳ್ಳುತ್ತಿದ್ದರು. ಇದರ ಮರ್ಮ ಚೌಕಾಬಾರ ಆಡಿದವರಿಗೆ ಸುಲಭವಾಗಿ ತಿಳಿಯುತ್ತದೆ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ, ಒಟ್ಟು ೧೬ ಬಗೆಗಳಲ್ಲಿ ಎರಡು ಬೀಳುವ ಬಗೆಗಳು ೬. ಚೌಕಕ್ಕೂ ಬಾರಕ್ಕೂ ಒಂದೊಂದೇ. ಹಾಗೆಯೇ ಮೂರು ದಾಳಗಳ ೨೧೬ ಬಗೆಗಳಲ್ಲಿ ೧೦ಕ್ಕೆ ೨೭, ೧೧ಕ್ಕೆ ೨೭ ಬಗೆಗಳುಂಟು. ೩ಕ್ಕೂ ೧೮ಕ್ಕೂ ಒಂದೊಂದೇ. ಅಂದರೆ ಜನರಲ್ಲಿ ಬಹುಮಂದಿ ಮಧ್ಯಮರು, ಅಸಾಮಾನ್ಯರು ವಿರಳ ಎಂಬ ಭಾವನೆಯನ್ನು ದಾಳಗಳೇ ಒಳಗೊಂಡಿವೆ.

೩. ವ್ಯತ್ಯಾಸಾಂಕ

ಆಟಗಾರರು ‘ಮಾಡಿಫೈಯರ್’ ಎಂದು ಕರೆಯುವುದನ್ನು ಇಲ್ಲಿ ವ್ಯತ್ಯಾಸಾಂಕವೆನ್ನೋಣ. ಸಾಮಾನ್ಯನಿಗೂ ಈ ಪಾತ್ರಕ್ಕೂ ಇರುವ ಅಂತರವೇ ಅದು. ೧೯೭೪ರ ನಿಯಮಗಳಲ್ಲಿ ಸಾಮರ್ಥ್ಯಾಂಕಗಳ ನೇರ ಪರಿಣಾಮ ಅಲ್ಪವಾಗಿದ್ದಿತು. ಅನಂತರದ ಗ್ರಂಥಗಳಲ್ಲಿ ಒಂದೊಂದು ಗುಣಕ್ಕೆ ಒಂದೊಂದು ಕೋಷ್ಟಕ ಬೆಳೆಯಿತು. ೨೦೦೦ದ ಮೂರನೆಯ ಆವೃತ್ತಿಯಲ್ಲಿ ಆರಕ್ಕೂ ಒಂದೇ ಸೂತ್ರ ನಿಂತಿತು: ಸಾಮರ್ಥ್ಯಾಂಕದಿಂದ ೧೦ನ್ನು ಕಳೆದು, ಉಳಿದುದನ್ನು ಅರ್ಧ ಮಾಡಿ, ಭಿನ್ನಾಂಶವಿದ್ದರೆ ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದು. ಆದುದರಿಂದ ೧೦, ೧೧ಕ್ಕೆ ಸೊನ್ನೆ. ೧೬, ೧೭ಕ್ಕೆ ಕೂಡು ೩. ೧೮ಕ್ಕೆ ಕೂಡು ೪. ೬, ೭ಕ್ಕೆ ಕಳೆ ೨.

ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಹಳೆಯ ಕೋಟೆಯನ್ನು ರಾತ್ರಿ ಹತ್ತಬೇಕಾದ ಬೇಹುಗಾರನೊಬ್ಬನಿದ್ದಾನೆ. ಕೆಲಸದ ಕಷ್ಟ ೧೫ ಎಂದು ನಿರ್ವಾಹಕನು ಗೊತ್ತುಮಾಡುತ್ತಾನೆ. ಇಪ್ಪತ್ತು ಮುಖದ ದಾಳವನ್ನು ಉರುಳಿಸಿ ವ್ಯತ್ಯಾಸಾಂಕವನ್ನು ಸೇರಿಸಿದಾಗ ಮೊತ್ತ ೧೫ ಅಥವಾ ಹೆಚ್ಚಾದರೆ ಜಯ. ದೇಹಬಲ ೧೦ ಇದ್ದವನಿಗೆ ಇಪ್ಪತ್ತರಲ್ಲಿ ೬ ಅವಕಾಶ. ೧೬ ಇದ್ದವನಿಗೆ ೯. ೬ ಇದ್ದವನಿಗೆ ೪. ಬಲಶಾಲಿಗೂ ಸೋಲುಂಟು, ದುರ್ಬಲನಿಗೂ ಗೆಲುವುಂಟು. ಸಾಮರ್ಥ್ಯವು ಅದೃಷ್ಟವನ್ನು ತುಸು ಬಾಗಿಸುತ್ತದೆಯೇ ಹೊರತು ಅದರ ಸ್ಥಾನವನ್ನು ಆಕ್ರಮಿಸುವುದಿಲ್ಲ.

ಇದರ ಜೊತೆಗೆ ಅಭ್ಯಾಸದ ಅಂಕವೊಂದುಂಟು. ೨೦೧೪ರ ಐದನೆಯ ಆವೃತ್ತಿಯಲ್ಲಿ ಅದು ಅನುಭವ ಹೆಚ್ಚಿದಂತೆ ೨ರಿಂದ ೬ರವರೆಗೆ ಏರುತ್ತದೆ. ಮಧ್ಯಮ ಬಲದವನು ದೀರ್ಘಾಭ್ಯಾಸದಿಂದ ೬ನ್ನು ಗಳಿಸಿದರೆ, ಮೇಲಿನ ಗೋಡೆಯನ್ನು ಹತ್ತಲು ಅವನಿಗೆ ೧೨ ಅವಕಾಶ. ದೇಹಬಲ ೧೮ ಇದ್ದೂ ಅಭ್ಯಾಸವಿಲ್ಲದವನಿಗೆ ೧೦ ಮಾತ್ರ. ನಳೋಪಾಖ್ಯಾನದಲ್ಲಿ ಜೂಜಿನಿಂದ ರಾಜ್ಯ ಕಳೆದುಕೊಂಡ ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲೆ ಅದೇ ಜೂಜಿನಲ್ಲಿ ಗೆಲ್ಲುತ್ತಾನೆ. ಹುಟ್ಟುಗುಣ ಬೇರೆ, ಕಲಿತ ವಿದ್ಯೆ ಬೇರೆ ಎಂಬ ವಿವೇಚನೆ ನಮಗೆ ಹೊಸದಲ್ಲ.

೪. ಕೋಷ್ಟಕಗಳ ಹಿಂದಿನ ಸಮಾಜ

ಶಾಸನವನ್ನು ಓದುವಂತೆ ನಿಯಮಗ್ರಂಥವನ್ನು ಓದಿದರೆ, ಸಂಖ್ಯೆಗಳ ಹಿಂದೆ ಅವನ್ನು ಬರೆದವರ ಸಮಾಜ ಕಾಣಿಸುತ್ತದೆ. ೧೯೭೮ರ ಗ್ರಂಥದಲ್ಲಿ ಸ್ತ್ರೀಪಾತ್ರಗಳ ದೇಹಬಲಕ್ಕೆ ಪುರುಷಪಾತ್ರಗಳಿಗಿಂತ ಕೆಳಗಿನ ಮಿತಿಯನ್ನು ವಿಧಿಸಲಾಗಿದ್ದಿತು. ಒನಕೆ ಓಬವ್ವನ ಕಥೆಯನ್ನು ಕೇಳಿ ಬೆಳೆದವರಿಗೆ, ಕಾಲ್ಪನಿಕ ಲೋಕದಲ್ಲಿಯೂ ಇಂಥ ಮಿತಿ ಏಕೆ ಬೇಕಾಯಿತೆಂದು ಕೇಳಬೇಕೆನಿಸುವುದು ಸಹಜ. ೧೯೮೯ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು.

ಇದಕ್ಕಿಂತ ದೀರ್ಘಕಾಲ ನಿಂತ ನಿಯಮ ಕುಲಕ್ಕೆ ಸಂಬಂಧಿಸಿದುದು. ಪಾತ್ರವು ಯಾವ ಕುಲದಲ್ಲಿ ಹುಟ್ಟಿತೆಂಬುದನ್ನು ನೋಡಿ ಕೆಲವು ಸಾಮರ್ಥ್ಯಾಂಕಗಳನ್ನು ಹೆಚ್ಚಿಸುವ, ಕೆಲವು ಆವೃತ್ತಿಗಳಲ್ಲಿ ತಗ್ಗಿಸುವ, ಪದ್ಧತಿ ದಶಕಗಳ ಕಾಲ ನಡೆಯಿತು. ೨೦೨೦ರ ಪೂರಕ ಗ್ರಂಥವೊಂದು ಈ ಹೆಚ್ಚಳವನ್ನು ಆಟಗಾರನು ಇಷ್ಟಬಂದ ಗುಣಕ್ಕೆ ಸೇರಿಸಬಹುದೆಂದಿತು. ೨೦೨೪ರ ಪರಿಷ್ಕೃತ ಗ್ರಂಥದಲ್ಲಿ ಅದನ್ನು ಕುಲದಿಂದ ಬಿಡಿಸಿ, ಪಾತ್ರದ ಹಿಂದಿನ ವೃತ್ತಿ ಹಾಗೂ ಬೆಳೆದ ಪರಿಸರಕ್ಕೆ ಕಟ್ಟಲಾಯಿತು. ಲೆಕ್ಕದ ದೃಷ್ಟಿಯಿಂದ ಇದು ಒಂದೆರಡು ಅಂಕಗಳ ಸ್ಥಾನಾಂತರವಷ್ಟೆ. ಆದರೆ ಮನುಷ್ಯನ ಶಕ್ತಿ ಹುಟ್ಟಿನಿಂದ ಬರುವುದೋ ಬದುಕಿನಿಂದ ಬರುವುದೋ ಎಂಬ, ಜಾತಿಯ ಕಟ್ಟನ್ನು ಕಂಡ ನಮ್ಮ ನಾಡಿಗೆ ಚಿರಪರಿಚಿತವಾದ, ವಿವಾದದಲ್ಲಿ ಆಟವು ತನ್ನ ಪಕ್ಷವನ್ನು ಬದಲಿಸಿತೆಂಬುದನ್ನು ಗಮನಿಸಬೇಕು.

೫. ಉಪಸಂಹಾರ

ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಇಲ್ಲಿ ವಿಚಾರಯೋಗ್ಯವಾದ ಇನ್ನೊಂದು ಅಂಶವಿದೆ. ೧೬ಕ್ಕೂ ೧೭ಕ್ಕೂ ಒಂದು ಅಂಕದ ಅಂತರವಿದ್ದರೂ ಫಲದಲ್ಲಿ ಭೇದವಿಲ್ಲ. ೧೭ಕ್ಕೂ ೧೮ಕ್ಕೂ ಅಷ್ಟೇ ಅಂತರ, ಆದರೆ ಫಲ ಬೇರೆ. ಈ ಭೇದ ಪಾತ್ರದಲ್ಲಿಲ್ಲ, ಗೆರೆ ಎಳೆದವರ ನಿರ್ಣಯದಲ್ಲಿದೆ. ಪರೀಕ್ಷೆಯಲ್ಲಿ ೫೯ ಪಡೆದವನನ್ನೂ ೬೦ ಪಡೆದವನನ್ನೂ ಬೇರೆ ಬೇರೆ ದರ್ಜೆಗಳಲ್ಲಿ ಕೂರಿಸುವ ನಾವು ಈ ಸತ್ಯವನ್ನು ಮರೆಯುವುದುಂಟು. ಆಟದಲ್ಲಿ ಕೆಳಗಿನ ಅಂಕ ಪಡೆದವನಿಗೂ ದಾಳ ಉರುಳಿಸುವ ಹಕ್ಕು ಉಳಿದಿರುತ್ತದೆ. ತರಗತಿಯಲ್ಲಿ ಆ ಹಕ್ಕನ್ನು ಉಳಿಸಿಕೊಡಬೇಕಾದವರು ಅಧ್ಯಾಪಕರು. ಅಂಕಿಯನ್ನು ಕಂಡೊಡನೆ ಅದನ್ನು ಅಳೆದವರಾರು, ಯಾವುದನ್ನು ಸಾಮಾನ್ಯವೆಂದಿಟ್ಟುಕೊಂಡು ಅಳೆದರು ಎಂದು ಪ್ರಶ್ನಿಸುವುದು ಇತಿಹಾಸದ ಶಿಸ್ತು. ಆ ಶಿಸ್ತಿಗೆ ಆಟದ ನಿಯಮಗ್ರಂಥವೂ ಒಂದು ಆಕರವಾಗಬಲ್ಲದೆಂಬುದನ್ನು ಮೇಲ್ಕಂಡ ವಿವೇಚನೆಯಿಂದ ಕಾಣಬಹುದು.